ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆ ಸೋರಿಕೆ: ಗೇರ್‌ಬಾಕ್ಸ್ ಇಳಿಸುವ ಮುನ್ನ ಏನು ನೋಡಬೇಕು?

ಓದುಗರ ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ 11 ವರ್ಷವಾಗಿದೆ, 1,30,000 ಕಿ.ಮೀ. ಓಡಿದೆ, ಗೇರ್ ಕೈಯಿಂದ ಹಾಕುವಂಥದ್ದು. ಮೂರು ತಿಂಗಳಿಂದ ಕಾರು ನಿಲ್ಲಿಸಿದ ಜಾಗದಲ್ಲಿ ಅಂಗೈಯಗಲದ ಎಣ್ಣೆಯ ಕಲೆ ಬೀಳುತ್ತಿದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ತಳದಿಂದ ಹನಿ ತೊಟ್ಟಿಕ್ಕುತ್ತದೆ. ದೂರದ ಪ್ರಯಾಣ ಮಾಡಿ ಬಂದ ರಾತ್ರಿ ಕಲೆ ದೊಡ್ಡದಾಗಿರುತ್ತದೆ. ಅಂಥ ಒಂದು ಪ್ರಯಾಣದ ಮರುದಿನ ಬಾನೆಟ್ ತೆಗೆದಾಗ ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ತನ್ನ ಕೊಳವೆಯಿಂದ ಒಂದು ಬೆರಳಿನಷ್ಟು ಮೇಲೆದ್ದಿತ್ತು. ಕಳೆದ ಬಾರಿ ಎಣ್ಣೆ ಬದಲಾಯಿಸಿದ ಮೇಲೆ ನಡುವೆ ಅರ್ಧ ಲೀಟರ್ ಸೇರಿಸಬೇಕಾಯಿತು. ಒಬ್ಬ ಮೆಕ್ಯಾನಿಕ್ ‘ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು’ ಎನ್ನುತ್ತಾರೆ. ಇನ್ನೊಬ್ಬರು ಸೋರಿಕೆ ನಿಲ್ಲಿಸುವ ದ್ರವವನ್ನು ಇಂಜಿನ್ನಿಗೆ ಸುರಿಯಲು ಹೇಳಿದರು. ಮೂರನೆಯವರು ‘ಹಳೆಯ ಗಾಡಿ, ಎಣ್ಣೆ ನೋಡಿಕೊಂಡು ಓಡಿಸಿ’ ಎಂದರು. ಹೋದ ವರ್ಷ ಸಿಂಥೆಟಿಕ್ ಆಯಿಲ್ ಹಾಕಿಸಿದ್ದೇ ಇದಕ್ಕೆಲ್ಲ ಕಾರಣವಿರಬಹುದೇ ಎಂಬ ಅನುಮಾನವೂ ಇದೆ. ಕ್ಲಚ್ ಸದ್ಯಕ್ಕೆ ಸರಿಯಾಗಿದೆ. ಯಾರ ಮಾತು ಕೇಳಲಿ?

ಉತ್ತರ: ದೊಡ್ಡ ಕೆಲಸಕ್ಕೆ ಒಪ್ಪಿಕೊಂಡು ಖರ್ಚು ದಂಡವಾದರೆ ಎಂಬ ಭಯ ಒಂದು ಕಡೆ, ಸುಮ್ಮನಿದ್ದು ಇಂಜಿನ್ನೇ ಹಾಳಾದರೆ ಎಂಬ ಭಯ ಇನ್ನೊಂದು ಕಡೆ, ನಿಮ್ಮ ಪತ್ರದಲ್ಲಿ ಎರಡೂ ಕಾಣುತ್ತವೆ ಮತ್ತು ಎರಡಕ್ಕೂ ಆಧಾರವಿದೆ. ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಯಾರೂ ಪೂರ್ತಿ ತಪ್ಪು ಹೇಳಿಲ್ಲ. ಆದರೆ ಎಣ್ಣೆ ಎಲ್ಲಿಂದ ಹೊರಡುತ್ತಿದೆ ಎಂಬುದನ್ನು ಅವರಲ್ಲಿ ಯಾರಾದರೂ ಒರೆಸಿ, ಒಣಗಿಸಿ, ಬೆನ್ನುಹತ್ತಿ ನೋಡಿದ್ದಾರೆ ಎಂಬ ಸೂಚನೆ ನಿಮ್ಮ ಪತ್ರದಲ್ಲಿ ಇಲ್ಲ. ಆದ್ದರಿಂದ ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ ಎಂಬುದು ನನ್ನ ಮೊದಲ ಮಾತು. ಡಿಪ್‌ಸ್ಟಿಕ್ ಮೇಲೆದ್ದಿತ್ತು ಎಂದು ನೀವು ಬರೆದಿರುವ ಆ ಒಂದು ಸಾಲು ಉಳಿದ ಎಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೆ ಮುಂದೆ ಬರುತ್ತೇನೆ.

ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನುಗಳ ಚಲನೆಯಿಂದ ತಿರುಗುವ ಮುಖ್ಯ ದಂಡ) ಹಿಂಬದಿಯಿಂದ ಹೊರಬರುವ ಜಾಗದಲ್ಲಿ ಒಂದು ದೊಡ್ಡ ಉಂಗುರದಂಥ ಆಯಿಲ್ ಸೀಲ್ ಇರುತ್ತದೆ. ಅದರಾಚೆ ಫ್ಲೈವೀಲ್ ಎಂಬ ಭಾರವಾದ ಚಕ್ರ, ಫ್ಲೈವೀಲಿಗೆ ಅಂಟಿಕೊಂಡಂತೆ ಕ್ಲಚ್, ಇವೆರಡನ್ನೂ ಮುಚ್ಚಿಕೊಂಡಿರುವ ಗಂಟೆಯಾಕಾರದ ಕವಚವೇ ಬೆಲ್ ಹೌಸಿಂಗ್. ಈ ಕವಚದ ತಳಭಾಗ ಇಡೀ ಜೋಡಣೆಯಲ್ಲಿ ತಗ್ಗಾದ ಜಾಗವಾದ್ದರಿಂದ ಇಂಜಿನ್ನಿನ ಹಿಂಭಾಗದಲ್ಲಿ ಎಲ್ಲಿ ಎಣ್ಣೆ ಜಿನುಗಿದರೂ ಅದು ಗೋಡೆಯ ಗುಂಟ ಇಳಿದು ಕೊನೆಗೆ ಇಲ್ಲಿಂದಲೇ ತೊಟ್ಟಿಕ್ಕುತ್ತದೆ. ಕಾರು ಓಡುವಾಗ ಅಡಿಯಲ್ಲಿ ಬೀಸುವ ಗಾಳಿಯೂ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲ್ಮುಚ್ಚಳ) ಪ್ಯಾಕಿಂಗ್, ಸಿಲಿಂಡರ್ ಹೆಡ್ಡಿನ ಹಿಂತುದಿಯಲ್ಲಿ ಕ್ಯಾಮ್‌ಶಾಫ್ಟ್ ರಂಧ್ರವನ್ನು ಮುಚ್ಚುವ ಬಿರಡೆ, ಆಯಿಲ್ ಪ್ರೆಷರ್ ಸ್ವಿಚ್, ಆಯಿಲ್ ಫಿಲ್ಟರ್ ಕೂರುವ ಜಾಗ, ಆಯಿಲ್ ಚೇಂಬರ್ (ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ) ಪ್ಯಾಕಿಂಗಿನ ಹಿಂಬದಿಯ ಮೂಲೆಗಳು, ಇವುಗಳಲ್ಲಿ ಯಾವುದು ಸೋರಿದರೂ ಕೆಳಗಿನಿಂದ ನೋಡುವವರಿಗೆ ಹಿಂದಿನ ಸೀಲೇ ಹೋದಂತೆ ತೋರುತ್ತದೆ. ಈ ಎಲ್ಲವನ್ನೂ ಸಾಮಾನ್ಯವಾಗಿ ಗೇರ್‌ಬಾಕ್ಸ್ ಮುಟ್ಟದೆಯೇ ಸರಿಪಡಿಸಬಹುದು.

ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಒಂದು ಕಾರಿನ ಗೇರ್‌ಬಾಕ್ಸ್ ಇಳಿಸಿ, ಹಿಂದಿನ ಸೀಲ್ ಬದಲಾಯಿಸಿ, ಎಲ್ಲವನ್ನೂ ಜೋಡಿಸಿ ಕಳುಹಿಸಿದ್ದೆ. ಐದನೆಯ ದಿನ ಅದೇ ಕಾರು ಅದೇ ಕಲೆಯೊಂದಿಗೆ ಮರಳಿತು. ಆಗ ಟಾರ್ಚ್ ಹಿಡಿದು ಬ್ಲಾಕಿನ ಹಿಂಗೋಡೆಗೆ ಬೆರಳಾಡಿಸುತ್ತಾ ಮೇಲಕ್ಕೆ ಹೋದೆ. ಬೆರಳು ಒದ್ದೆಯಾಗುತ್ತಲೇ ಹೋಗಿ ಆಯಿಲ್ ಪ್ರೆಷರ್ ಸ್ವಿಚ್ಚಿನ ಬುಡದಲ್ಲಿ ನಿಂತಿತು. ಅದರ ಮೇಲಿನ ಲೋಹ ಒಣಗಿತ್ತು. ಸ್ವಿಚ್ಚಿನ ಪ್ಲಗ್ ಎಳೆದಾಗ ಒಳಗೆ ಎಣ್ಣೆ ತುಂಬಿಕೊಂಡಿತ್ತು. ಹೆಬ್ಬೆರಳು ಗಾತ್ರದ ಆ ಭಾಗವನ್ನು ಬದಲಾಯಿಸಲು ಕಾಲು ಗಂಟೆ ಸಾಕಾಯಿತು. ಆ ಕಾರಿನ ಮಾಲೀಕರು ಎರಡು ದಿನದ ಕೂಲಿಯನ್ನು ನನ್ನ ಅವಸರಕ್ಕೆ ತೆತ್ತಿದ್ದರು. ಅಂದಿನಿಂದ ಒದ್ದೆಯಾಗಿರುವ ಅತಿ ಎತ್ತರದ ಜಾಗ ಯಾವುದು ಎಂಬುದನ್ನು ಕಣ್ಣಾರೆ ಕಾಣದೆ ನಾನು ಗೇರ್‌ಬಾಕ್ಸಿನ ಬೋಲ್ಟಿಗೆ ಕೈ ಹಾಕುವುದಿಲ್ಲ.

ಮೊದಲು ತಿಳಿಯಬೇಕಾದದ್ದು ಸೋರುತ್ತಿರುವ ದ್ರವ ಯಾವುದು ಎಂಬುದು. ರಾತ್ರಿ ಕಾರಿನ ಅಡಿಗೆ ಒಂದು ಬಿಳಿ ರಟ್ಟನ್ನು ಹಾಸಿ, ಮುಂದಿನ ಎರಡು ಚಕ್ರಗಳು ಎಲ್ಲಿ ಬರುತ್ತವೆ ಎಂದು ಅದರ ಮೇಲೆ ಗುರುತು ಹಾಕಿ. ಬೆಳಿಗ್ಗೆ ಹನಿ ಬಿದ್ದ ಜಾಗವೂ ಬಣ್ಣವೂ ಒಟ್ಟಿಗೆ ಸಿಗುತ್ತವೆ. ಇಂಜಿನ್ ಆಯಿಲ್ ಸಾಮಾನ್ಯವಾಗಿ ಕಂದು ಅಥವಾ ಕಪ್ಪಾಗಿರುತ್ತದೆ. ಡಿಪ್‌ಸ್ಟಿಕ್ಕಿನ ಹನಿಯೊಂದನ್ನು ಪಕ್ಕದಲ್ಲೇ ಬಿಟ್ಟು ಹೋಲಿಸಿ ನೋಡಬಹುದು. ಗೇರ್ ಆಯಿಲ್ ಹೆಚ್ಚು ಮಂದವಾಗಿದ್ದು, ಅದರಲ್ಲಿ ಬೆರೆಸಿದ ಗಂಧಕದ ಸಂಯುಕ್ತಗಳಿಂದಾಗಿ ಮೂಗಿಗೆ ಅಡರುವ ಕಟು ವಾಸನೆ ಇರುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವ ಹೊಸದಾಗಿದ್ದಾಗ ಸಾಮಾನ್ಯವಾಗಿ ಕೆಂಪು. ಕೆಲವು ಮ್ಯಾನ್ಯುಯಲ್ ಗೇರ್‌ಬಾಕ್ಸುಗಳಲ್ಲೂ ಅದನ್ನೇ ಬಳಸುವುದರಿಂದ ಬಣ್ಣವೊಂದನ್ನೇ ನಂಬಬಾರದು. ನಿಮ್ಮ ಕಾರಿನ ಕ್ಲಚ್ ದ್ರವದ ಒತ್ತಡದಿಂದ ಕೆಲಸ ಮಾಡುವಂಥದ್ದಾಗಿದ್ದು, ಅದರ ಸಿಲಿಂಡರ್ ಬೆಲ್ ಹೌಸಿಂಗಿನ ಒಳಗೇ ಇದ್ದರೆ, ಅಲ್ಲಿಂದ ಸೋರುವ ದ್ರವ, ಅಂದರೆ ಕ್ಲಚ್ಚಿಗೂ ಬಳಸುವ ಬ್ರೇಕ್ ಆಯಿಲ್ ಕೂಡ ಇದೇ ತಳದಿಂದ ಹೊರಬರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ: ಒಂದು ಲೋಟ ನೀರಿಗೆ ಆ ದ್ರವದ ಒಂದು ಹನಿ ಬಿಡಿ. ಎಣ್ಣೆಯಾದರೆ ಮೇಲೆ ಬಣ್ಣಬಣ್ಣದ ಪೊರೆಯಾಗಿ ತೇಲುತ್ತದೆ, ಸಾಮಾನ್ಯ ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಕರಗಿಹೋಗುತ್ತದೆ. ನೀವು ಇಂಜಿನ್ ಎಣ್ಣೆಯನ್ನು ಅರ್ಧ ಲೀಟರ್ ಸೇರಿಸಬೇಕಾಗಿ ಬಂದದ್ದರಿಂದ ನಿಮ್ಮದು ಇಂಜಿನ್ ಆಯಿಲೇ ಇರುವ ಸಾಧ್ಯತೆ ಹೆಚ್ಚು, ಆದರೂ ಈ ಎರಡು ನಿಮಿಷದ ಪರೀಕ್ಷೆಯನ್ನು ಬಿಡಬೇಡಿ.

ಮುಂದಿನದು ತೊಳೆಯುವ ಕೆಲಸ. ಹಳೆಯ ಜಿಡ್ಡು ಮತ್ತು ಧೂಳು ಮೆತ್ತಿಕೊಂಡಿರುವ ಇಂಜಿನ್ನಿನಲ್ಲಿ ಸೋರಿಕೆಯ ಮೂಲ ಹುಡುಕುವುದು ಮಳೆ ನಿಂತ ಮೇಲೆ ಹೆಂಚು ಎಲ್ಲಿ ಒಡೆದಿದೆ ಎಂದು ಹುಡುಕಿದಂತೆ. ವಿದ್ಯುತ್ ಜೋಡಣೆಗಳನ್ನು ಮುಚ್ಚಿ, ಜಿಡ್ಡು ತೆಗೆಯುವ ದ್ರಾವಣದಿಂದ ಇಂಜಿನ್ನಿನ ಹಿಂಭಾಗವನ್ನೂ ಬೆಲ್ ಹೌಸಿಂಗ್ ಸುತ್ತಲಿನ ಜಾಗವನ್ನೂ ತೊಳೆದು ಪೂರ್ತಿ ಒಣಗಿಸಬೇಕು. ನಂತರ ಅನುಮಾನವಿರುವ ಕಡೆಗಳಲ್ಲಿ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಕಾರನ್ನು ನಿಂತಲ್ಲೇ ಹದಿನೈದು ಇಪ್ಪತ್ತು ನಿಮಿಷ ಚಾಲೂ ಇಟ್ಟು ನೋಡಬೇಕು. ಓಡಿಸಿದರೆ ಗಾಳಿಗೆ ಎಣ್ಣೆ ಹರಡಿ ಜಾಡು ಕೆಡುತ್ತದೆ. ಎಣ್ಣೆ ಮೊದಲು ಮುಟ್ಟಿದ ಜಾಗದಲ್ಲಿ ಬಿಳಿ ಪುಡಿ ಕಪ್ಪು ಗೆರೆಯಾಗಿ ತೋರುತ್ತದೆ. ಏನೂ ಕಾಣದಿದ್ದರೆ ಸ್ವಲ್ಪ ದೂರ ಓಡಿಸಿ ಮತ್ತೆ ನೋಡಬೇಕು. ಇದಕ್ಕಿಂತ ಖಚಿತವಾದ ದಾರಿ ಎಂದರೆ ಇಂಜಿನ್ ಎಣ್ಣೆಗೆ ಹೊಳೆಯುವ ಬಣ್ಣವನ್ನು ಸೇರಿಸಿ, ಕೆಲವು ದಿನ ಎಂದಿನಂತೆ ಓಡಿಸಿ, ಕತ್ತಲಲ್ಲಿ ಅತಿನೇರಳೆ ದೀಪ ಹಿಡಿಯುವುದು. ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುವ ಆ ಗೆರೆಯನ್ನು ಬುಡದವರೆಗೆ ಹಿಂಬಾಲಿಸಿದರೆ ವಾದಕ್ಕೆ ಅವಕಾಶವೇ ಉಳಿಯುವುದಿಲ್ಲ. ಕಾರಿನ ಅಡಿಗೆ ಹೋಗುವುದಿದ್ದರೆ ಜ್ಯಾಕನ್ನು ಮಾತ್ರ ನಂಬಬೇಡಿ; ಗಟ್ಟಿಯಾದ ಸ್ಟ್ಯಾಂಡುಗಳು ಇಲ್ಲದಿದ್ದರೆ ಈ ಕೆಲಸವನ್ನು ಗ್ಯಾರೇಜಿನ ಲಿಫ್ಟ್ ಮೇಲೆಯೇ ಮಾಡಿಸಿ.

ಹೊರಗೋಡೆಗಳೆಲ್ಲ ಒಣಗಿದ್ದು ಬೆಲ್ ಹೌಸಿಂಗಿನ ಒಳಗಿನಿಂದ ಮಾತ್ರ ಎಣ್ಣೆ ಬರುತ್ತಿದೆ ಎಂದಾದರೆ ಆಗ ಒಳಗಿನ ಭಾಗಗಳ ಸರದಿ. ಹಲವು ಕಾರುಗಳಲ್ಲಿ ಬೆಲ್ ಹೌಸಿಂಗಿನ ಕೆಳಗೆ ಒಂದು ಸಣ್ಣ ತಗಡಿನ ಮುಚ್ಚಳ ಇರುತ್ತದೆ; ಅದನ್ನು ಬಿಚ್ಚಿ, ಇಲ್ಲವೇ ಸಣ್ಣ ಕ್ಯಾಮೆರಾ ತೂರಿಸಿ ನೋಡಬಹುದು. ಫ್ಲೈವೀಲಿನ ಇಂಜಿನ್ ಕಡೆಯ ಮುಖ ಒದ್ದೆಯಾಗಿದ್ದು, ತಿರುಗುವ ರಭಸಕ್ಕೆ ಎಣ್ಣೆ ಕವಚದ ಒಳಗೋಡೆಗೆ ಸುತ್ತಲೂ ಸಿಡಿದಿದ್ದರೆ ಹಿಂದಿನ ಸೀಲಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಗೇರ್‌ಬಾಕ್ಸ್ ಕಡೆ ಮಾತ್ರ ಒದ್ದೆಯಾಗಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಗೇರ್‌ಬಾಕ್ಸಿನ ಒಳಕ್ಕೆ ಹೋಗುವ ದಂಡ) ಸೀಲನ್ನು ಅನುಮಾನಿಸಬೇಕು. ಇಲ್ಲಿ ಹಲವರು ಮರೆಯುವ ಒಂದು ಸಂಗತಿಯಿದೆ: ಕೆಲವು ಇಂಜಿನ್ನುಗಳಲ್ಲಿ ಫ್ಲೈವೀಲ್ ಬೋಲ್ಟುಗಳ ರಂಧ್ರಗಳು ಇಂಜಿನ್ನಿನ ಒಳಗಿನವರೆಗೂ ತೂರಿಹೋಗಿರುತ್ತವೆ. ಹಿಂದೆ ಯಾರೋ ಕ್ಲಚ್ ಕೆಲಸ ಮಾಡುವಾಗ ಆ ಬೋಲ್ಟುಗಳಿಗೆ ಸೀಲಂಟ್ (ಸೋರದಂತೆ ತಡೆಯುವ ಅಂಟು) ಹಚ್ಚದೆ ಬಿಗಿದಿದ್ದರೆ ಎಣ್ಣೆ ಅವುಗಳ ತಿರುಪಿನ ಗೆರೆಗಳ ಗುಂಟ ಹೊರಬರುತ್ತದೆ. ಅಂಥ ಕಾರಿಗೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ. ನಿಮ್ಮ ಕಾರಿನ ಕ್ಲಚ್ ಹಿಂದೆ ಎಂದಾದರೂ ಬದಲಾಗಿದೆಯೇ ಎಂಬುದನ್ನು ನೆನಪಿಸಿಕೊಂಡು ಮೆಕ್ಯಾನಿಕ್‌ಗೆ ಹೇಳಿ.

ಈಗ ಡಿಪ್‌ಸ್ಟಿಕ್ಕಿನ ಮಾತು. ಇಂಜಿನ್ನಿನೊಳಗೆ ಪೆಟ್ರೋಲ್ ಉರಿಯುವಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಅನಿಲ ಕೆಳಗಿನ ಕೋಣೆಗೆ ನುಸುಳುವುದು ಸಹಜ. ಹೊಸ ಇಂಜಿನ್ನಿನಲ್ಲೂ ಇದು ನಡೆಯುತ್ತದೆ. ಆ ಅನಿಲವನ್ನು ಹೀರಿ ಮತ್ತೆ ಇಂಜಿನ್ನಿನ ಉಸಿರಿಗೆ ಸೇರಿಸಲು ಪಿಸಿವಿ ವಾಲ್ವ್ ಮತ್ತು ಬ್ರೀದರ್ ಪೈಪುಗಳಿರುತ್ತವೆ. ವರ್ಷಗಳು ಕಳೆದಂತೆ ಇವು ಜಿಡ್ಡು ಕಟ್ಟಿ ಮುಚ್ಚಿಹೋದರೆ ಒಳಗೆ ಒತ್ತಡ ಏರುತ್ತದೆ, ಮತ್ತು ಆ ಒತ್ತಡ ಎಲ್ಲಿ ಬಿಗಿ ಕಡಿಮೆಯಿದೆಯೋ ಅಲ್ಲಿ ದಾರಿ ಮಾಡಿಕೊಳ್ಳುತ್ತದೆ: ಡಿಪ್‌ಸ್ಟಿಕ್ಕನ್ನು ಮೇಲಕ್ಕೆತ್ತುತ್ತದೆ, ಸೀಲುಗಳ ತುಟಿಯನ್ನು (ಶಾಫ್ಟಿಗೆ ಒತ್ತಿಕೊಂಡಿರುವ ಒಳ ಅಂಚನ್ನು) ಸರಿಸಿ ಎಣ್ಣೆಯನ್ನು ಹೊರದೂಡುತ್ತದೆ. ಹೆದ್ದಾರಿಯಲ್ಲಿ ಹೆಚ್ಚು ವೇಗದಲ್ಲಿ ಗಂಟೆಗಟ್ಟಲೆ ಓಡಿದಾಗ ನುಸುಳುವ ಅನಿಲವೂ ಹೆಚ್ಚಾಗುವುದರಿಂದ ದೂರದ ಪ್ರಯಾಣದ ರಾತ್ರಿ ನಿಮ್ಮ ಕಲೆ ದೊಡ್ಡದಾಗುವುದು ಇದಕ್ಕೆ ಸರಿಹೊಂದುತ್ತದೆ. ಡಿಪ್‌ಸ್ಟಿಕ್ಕಿನ ರಬ್ಬರ್ ಉಂಗುರ ಸವೆದಿದ್ದರೂ, ಎಣ್ಣೆಯನ್ನು ಮೇಲಿನ ಗುರುತು ಮೀರಿ ತುಂಬಿದ್ದರೂ ಹೀಗಾಗಬಹುದಾದ್ದರಿಂದ ಆ ಎರಡನ್ನೂ ಮೊದಲು ನೋಡಿ. ನಂತರ ಇಂಜಿನ್ ಬಿಸಿಯಾಗಿ ನಿಧಾನವಾಗಿ ಚಾಲೂ ಇರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದು ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹಿಡಿಯಿರಿ; ಕೈ ಮತ್ತು ಬಟ್ಟೆ ಬೆಲ್ಟುಗಳಿಂದ ದೂರವಿರಲಿ. ಹಾಳೆ ಸ್ವಲ್ಪ ಒಳಕ್ಕೆ ಎಳೆದುಕೊಂಡರೆ ಇಂಜಿನ್ ಸರಿಯಾಗಿ ಉಸಿರಾಡುತ್ತಿದೆ. ಅದು ಹೊರಕ್ಕೆ ಉಬ್ಬಿ ನಿಂತರೆ ಪಿಸಿವಿ ವಾಲ್ವನ್ನೂ ಪೈಪುಗಳನ್ನೂ ತೆಗೆದು ಶುಚಿಮಾಡಿಸಬೇಕು, ಇಲ್ಲವೇ ಬದಲಾಯಿಸಬೇಕು. ಅವು ಶುಚಿಯಾದ ಮೇಲೂ ಹಾಳೆ ಉಬ್ಬಿದರೆ ಪಿಸ್ಟನ್ ರಿಂಗುಗಳು ಸವೆದಿವೆಯೇ ಎಂದು ತಿಳಿಯಲು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಅಗತ್ಯ. ಪಿಸಿವಿ ಸರಿಪಡಿಸಿದ ನಂತರ ಜಿನುಗುವುದು ಬಹಳಷ್ಟು ತಗ್ಗಿದ ಕಾರುಗಳನ್ನು ನಾನು ಕಂಡಿದ್ದೇನೆ. ಒಳಗಿನ ಒತ್ತಡವನ್ನು ಹಾಗೇ ಬಿಟ್ಟು ಹೊಸ ಸೀಲ್ ಹಾಕಿದವರು ಕೆಲವೇ ತಿಂಗಳಲ್ಲಿ ಮರಳಿ ಬಂದದ್ದನ್ನೂ ಕಂಡಿದ್ದೇನೆ.

ಸೀಲ್ ತಾನಾಗಿಯೇ ಸವೆಯುವುದೂ ಉಂಟು. ಸೀಲಿನ ಒಳತುಟಿ ತಾಗುವ ಶಾಫ್ಟಿನ ವ್ಯಾಸ 80 ಮಿ.ಮೀ. ಎಂದುಕೊಳ್ಳಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ ತುಟಿಯ ಅಡಿಯಲ್ಲಿ ಲೋಹ ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ ಸರಿಯುತ್ತಿರುತ್ತದೆ. ಹತ್ತಾರು ಸಾವಿರ ಕಿಲೋಮೀಟರುಗಳ ಕಾಲ, ಬಿಸಿ ಎಣ್ಣೆಯ ಜೊತೆಯಲ್ಲಿ ಈ ಉಜ್ಜಾಟ ನಡೆದಾಗ ರಬ್ಬರ್ ಗಟ್ಟಿಯಾಗಿ ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಉಕ್ಕಿನ ಮೇಲೂ ಸಣ್ಣ ಗೀರು ಬೀಳುತ್ತದೆ. ಬೇರಿಂಗ್ ಸವೆದು ಶಾಫ್ಟ್ ಅಲುಗಾಡತೊಡಗಿದರೆ ಯಾವ ಸೀಲೂ ಬಹುಕಾಲ ನಿಲ್ಲದು.

ಸಿಂಥೆಟಿಕ್ ಆಯಿಲ್ ಬಗ್ಗೆ ನಿಮಗಿರುವ ಅನುಮಾನ ಬಹಳ ಜನರಲ್ಲಿದೆ. ಆರಂಭಕಾಲದ ಕೆಲವು ಸಿಂಥೆಟಿಕ್ ಎಣ್ಣೆಗಳು ಸೀಲುಗಳನ್ನು ಕುಗ್ಗಿಸುತ್ತಿದ್ದುದು ನಿಜ. ಇಂದಿನ ಎಣ್ಣೆಗಳಲ್ಲಿ ಸೀಲನ್ನು ಹದವಾಗಿಡುವ ಅಂಶಗಳನ್ನು ಬೆರೆಸಿಯೇ ಇರುತ್ತಾರೆ, ಆದ್ದರಿಂದ ಒಳ್ಳೆಯ ಸೀಲನ್ನು ಅವು ಕೆಡಿಸುವುದಿಲ್ಲ. ಮೊದಲೇ ಬಿರುಕು ಬಿಟ್ಟ ಸೀಲಿನ ಸಂದಿಯಲ್ಲಿ ಕಟ್ಟಿಕೊಂಡಿದ್ದ ಹಳೆಯ ಜಿಡ್ಡನ್ನು ಹೊಸ ಎಣ್ಣೆ ತೊಳೆದುಬಿಟ್ಟರೆ ಅಡಗಿದ್ದ ಸೋರಿಕೆ ಬಯಲಾಗಬಹುದು, ಅಷ್ಟೇ. ಮಂದವಾದ ಎಣ್ಣೆ ಹಾಕಿದರೆ ಸೋರುವುದು ನಿಲ್ಲುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ಕಾರಿನ ಕೈಪಿಡಿ ಒಪ್ಪುವ ದರ್ಜೆಗಳಲ್ಲೇ ಒಂದು ಮೆಟ್ಟಿಲು ಮಂದವಾದದ್ದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದನ್ನು ಮೀರಿ ಹೋದರೆ ಬೆಳಗಿನ ಮೊದಲ ಚಾಲನೆಯಲ್ಲಿ ಎಣ್ಣೆ ಮೇಲಿನ ಭಾಗಗಳನ್ನು ತಡವಾಗಿ ತಲುಪುತ್ತದೆ, ಮತ್ತು ಹನಿಯಷ್ಟು ಸೋರಿಕೆ ಉಳಿಸಲು ಹೋಗಿ ಇಂಜಿನ್ನಿನ ಆಯುಷ್ಯ ಕಳೆದಂತಾಗುತ್ತದೆ.

ಸೋರಿಕೆ ನಿಲ್ಲಿಸುವ ದ್ರವಗಳ ಕೆಲಸ ಇಷ್ಟೇ: ಗಟ್ಟಿಯಾದ ರಬ್ಬರನ್ನು ಮೆದುಮಾಡಿ ಸ್ವಲ್ಪ ಉಬ್ಬಿಸುವುದು. ಸೀಲ್ ಕೇವಲ ಒಣಗಿ ಬಿರುಸಾಗಿದ್ದು ಹನಿ ಸಣ್ಣದಾಗಿದ್ದರೆ ಕೆಲವು ಕಾಲ ಪ್ರಯೋಜನ ಕಾಣಬಹುದು. ಹರಿದ ತುಟಿ, ಶಾಫ್ಟಿನ ಗೀರು, ಮುಚ್ಚಿದ ಬ್ರೀದರ್ ಇವುಗಳಿಗೆ ಅದು ಮದ್ದಾಗದು. ಅದು ಸೋರುವ ಸೀಲನ್ನು ಮಾತ್ರ ಹುಡುಕಿ ಹೋಗುವುದಿಲ್ಲ, ಎಣ್ಣೆ ಮುಟ್ಟುವ ಪ್ರತಿಯೊಂದು ರಬ್ಬರನ್ನೂ ಮೆದುಮಾಡುತ್ತದೆ ಎಂಬುದೂ ನೆನಪಿರಲಿ. ಮಾರುವ ಉದ್ದೇಶವಿಲ್ಲದೆ ಇನ್ನೂ ವರ್ಷಗಟ್ಟಲೆ ಇಟ್ಟುಕೊಳ್ಳುವ ಕಾರಿಗೆ ನಾನು ಅದನ್ನು ಮೊದಲ ಮದ್ದಾಗಿ ಸೂಚಿಸುವುದಿಲ್ಲ. ಇಂಜಿನ್ ಎಣ್ಣೆಗೆ ಬ್ರೇಕ್ ಆಯಿಲ್ ಬೆರೆಸಿದರೆ ಸೀಲ್ ಉಬ್ಬುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ರಬ್ಬರನ್ನು ಕೊಳೆಸುತ್ತದೆ, ಎಣ್ಣೆಯ ಗುಣವನ್ನೂ ಕೆಡಿಸುತ್ತದೆ.

‘ನೋಡಿಕೊಂಡು ಓಡಿಸಿ’ ಎಂಬ ಸಲಹೆಯನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ನೋಡಿಕೊಳ್ಳುವುದು ನಿಜವಾಗಿ ನಡೆಯಬೇಕು. ಸಮತಟ್ಟಾದ ಜಾಗದಲ್ಲಿ, ಇಂಜಿನ್ ಆರಿಸಿ ಹತ್ತು ನಿಮಿಷ ಕಳೆದ ಮೇಲೆ, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ಕಿಲೋಮೀಟರ್ ಸಮೇತ ಬರೆದಿಡಿ. ಬಹುತೇಕ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರ್ ಅಂತರವಿರುತ್ತದೆ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ಅಂದರೆ ರಾತ್ರಿಯಿಡೀ ಬಿದ್ದ ಹತ್ತು ಹನಿ ನೆಲದ ಮೇಲೆ ಭಯ ಹುಟ್ಟಿಸಿದರೂ ಅರ್ಧ ಮಿಲಿಲೀಟರ್ ಮಾತ್ರ. ಓಡುವಾಗ ರಸ್ತೆಯಲ್ಲಿ ಬೀಳುವ ಎಣ್ಣೆ ನಿಮ್ಮ ಕಣ್ಣಿಗೆ ಕಾಣದ ಕಾರಣ ಡಿಪ್‌ಸ್ಟಿಕ್ಕಿನ ಲೆಕ್ಕವನ್ನೇ ನಂಬಬೇಕು. ಎಣ್ಣೆಯ ಮಟ್ಟ ವೇಗವಾಗಿ ಇಳಿಯತೊಡಗಿದರೆ, ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದು ಸುಟ್ಟ ವಾಸನೆಯೋ ಹೊಗೆಯೋ ಬಂದರೆ, ಎಣ್ಣೆ ತಾಗಿದ ಕ್ಲಚ್ ಜಾರುತ್ತಾ ಏರಿನಲ್ಲಿ ಇಂಜಿನ್ ಅರಚಿದರೂ ಕಾರು ಮುಂದಕ್ಕೆ ಹೋಗದಿದ್ದರೆ ಕಾಯುವ ಕಾಲ ಮುಗಿದಂತೆ. ಹೊಗೆ ಕಂಡ ಕೂಡಲೇ ಕಾರು ನಿಲ್ಲಿಸಬೇಕು, ಏಕೆಂದರೆ ಅದು ಬೆಂಕಿಗೆ ತಿರುಗಬಹುದು. ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ತೊಳೆದು ಮತ್ತೆ ಹಾಕುವುದೂ ವ್ಯರ್ಥ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ನಿಮ್ಮ ಕ್ಲಚ್ ಇನ್ನೂ ಚೆನ್ನಾಗಿರುವುದರಿಂದ ನಿಮಗೆ ನಿಧಾನವಾಗಿ ಹುಡುಕುವಷ್ಟು ಸಮಯವಿದೆ.

ಎಲ್ಲ ಪರೀಕ್ಷೆಯ ನಂತರವೂ ಹಿಂದಿನ ಸೀಲೇ ಎಂದು ಖಚಿತವಾದರೆ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ. ಆ ಸೀಲಿನ ಬೆಲೆ ಅಲ್ಪ, ಅದನ್ನು ತಲುಪುವ ಕೂಲಿಯೇ ದೊಡ್ಡದು. ಹಾಗಾಗಿ ಒಮ್ಮೆ ಇಳಿಸಿದ ಮೇಲೆ ಇನ್‌ಪುಟ್ ಶಾಫ್ಟ್ ಸೀಲ್, ರಿಲೀಸ್ ಬೇರಿಂಗ್, ಆ್ಯಕ್ಸಲ್ ಸೀಲುಗಳನ್ನು ಬದಲಾಯಿಸಿಬಿಡುವುದು ಲೇಸು. 1,30,000 ಕಿ.ಮೀ. ಓಡಿದ ಕಾರಿನಲ್ಲಿ ಕ್ಲಚ್ ಪ್ಲೇಟು ಹಳೆಯದೇ ಆಗಿದ್ದರೆ ಅದನ್ನೂ ಪ್ರೆಷರ್ ಪ್ಲೇಟನ್ನೂ ಉಳಿಸಲು ಹೋಗಬೇಡಿ. ಇದನ್ನು ಹೇಳಿದ ಮೆಕ್ಯಾನಿಕ್ ಬಿಲ್ ಬೆಳೆಸಲು ಹೊರಟಿದ್ದಾರೆ ಎಂದುಕೊಳ್ಳಬೇಡಿ, ಅದು ಪ್ರಾಮಾಣಿಕ ಸಲಹೆ.

ಸೀಲ್ ಕೂರಿಸುವ ರೀತಿಯಲ್ಲೇ ಕೆಲಸದ ಯಶಸ್ಸಿದೆ. ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟುವಾಗ ಶಾಫ್ಟಿಗೆ ಗೀರು ಬಿದ್ದರೆ ಹೊಸ ಸೀಲೂ ಅಲ್ಲಿಂದಲೇ ಸೋರುತ್ತದೆ. ಶಾಫ್ಟನ್ನು ಒರೆಸಿ ಅಡ್ಡಲಾಗಿ ಉಗುರು ಎಳೆದಾಗ ಉಗುರು ಸಿಕ್ಕಿಕೊಂಡರೆ ಸವೆತದ ಗೀರು ಇದೆ ಎಂದರ್ಥ. ಆಗ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಲು ಜಾಗವಿದೆಯೇ ನೋಡಬೇಕು, ಇಲ್ಲವಾದರೆ ಶಾಫ್ಟಿನ ಮೇಲೆ ತೆಳುವಾದ ಉಕ್ಕಿನ ಸ್ಲೀವ್ (ಬಳೆಯಂಥ ಹೊದಿಕೆ) ತೊಡಿಸಬೇಕು. ಸಾಮಾನ್ಯ ರಬ್ಬರ್ ತುಟಿಯ ಸೀಲಿಗೆ ಎಣ್ಣೆ ಸವರಿ ಹಾಕುವುದು ರೂಢಿ, ಆದರೆ ಇತ್ತೀಚಿನ ಹಲವು ಇಂಜಿನ್ನುಗಳಲ್ಲಿ ಟೆಫ್ಲಾನ್ ಜಾತಿಯ ತುಟಿ ಇರುತ್ತದೆ. ಅದನ್ನು ಒಣಗಿದ್ದಂತೆಯೇ ಹಾಕಬೇಕು. ಜೊತೆಗೆ ಬರುವ ಪ್ಲಾಸ್ಟಿಕ್ ಸ್ಲೀವನ್ನು ಸೀಲ್ ಶಾಫ್ಟಿನ ಮೇಲೆ ಜಾರುವವರೆಗೆ ತೆಗೆಯಬಾರದು, ತಯಾರಕರು ಹೇಳಿದ್ದರೆ ಕೆಲವು ಗಂಟೆ ಬಿಟ್ಟು ಚಾಲೂ ಮಾಡಬೇಕು. ಈ ವ್ಯತ್ಯಾಸ ತಿಳಿಯದೆ ರೂಢಿಯಂತೆ ಎಣ್ಣೆ ಸವರಿದ್ದರಿಂದ ಹೊಸ ಸೀಲೇ ಸೋರಿದ ಪ್ರಸಂಗಗಳಿವೆ. ಚೇಂಬರಿಗೆ ಹಚ್ಚುವ ಸೀಲಂಟ್ ಹಿತಮಿತವಾಗಿರಬೇಕು. ಒಳಕ್ಕೆ ಉಕ್ಕಿದ ಅಂಟಿನ ಚೂರು ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್ನಿಗೆ ಎಣ್ಣೆ ಸಿಗದಾಗುತ್ತದೆ.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಈ ವಾರವೇ ರಟ್ಟು ಹಾಸಿ ನೋಡುತ್ತಿದ್ದೆ, ಪಿಸಿವಿ ವಾಲ್ವನ್ನೂ ಪೈಪುಗಳನ್ನೂ ಸರಿಪಡಿಸಿ ಇಂಜಿನ್ ತೊಳೆಸುತ್ತಿದ್ದೆ, ಎಣ್ಣೆಗೆ ಬಣ್ಣ ಸೇರಿಸಿ ಒಂದು ದೂರದ ಪ್ರಯಾಣವೂ ಸೇರಿದಂತೆ ಎರಡು ವಾರ ಓಡಿಸುತ್ತಿದ್ದೆ. ಆ ಹೊತ್ತಿಗೆ ಹನಿ ನಿಂತಿದ್ದರೆ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಮುಂದುವರಿಸಿದರೆ ಸಾಕು. ನಿಲ್ಲದಿದ್ದರೆ ಅತಿನೇರಳೆ ದೀಪದಲ್ಲಿ ಹೊಳೆಯುವ ಮೊದಲ ಜಾಗವನ್ನು ತೋರಿಸುವಂತೆ ಮೆಕ್ಯಾನಿಕ್ ಅವರನ್ನು ಕೇಳಿ, ಅದರ ಫೋಟೋ ತೆಗೆದಿಟ್ಟುಕೊಂಡು ಆಮೇಲೆ ಗೇರ್‌ಬಾಕ್ಸ್ ಕೆಲಸಕ್ಕೆ ಒಪ್ಪಿಗೆ ಕೊಡಿ. ಇಳಿಸಿದ ದಿನ ಫ್ಲೈವೀಲ್ ಬಿಚ್ಚುವ ಮುನ್ನ ನಿಮ್ಮನ್ನು ಕರೆಯಲು ಹೇಳಿ. ಎಣ್ಣೆ ಸೀಲಿನ ತುಟಿಯಿಂದ ಬಂದಿದೆಯೋ, ಬೋಲ್ಟುಗಳ ಮಧ್ಯದಿಂದ ಬಂದಿದೆಯೋ ಎಂಬುದು ಏನನ್ನೂ ಒರೆಸದೆ ಇರುವ ಆ ಹೊತ್ತಿನಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.